ಗ್ಯಾಲರಿಯ ಹುಂಡಿ, ಯಾರದೋ ಬೀಗ

2018ರ ಜೂನ್ 1ರ ಸಂಜೆ ಅಂಧೇರಿಯ ಮುಂಬಯಿ ಫುಟ್‌ಬಾಲ್ ಅರೆನಾದಲ್ಲಿ ಭಾರತ ತಂಡ ಚೀನೀ ತೈಪೆಯನ್ನು 5–0 ಗೋಲುಗಳಿಂದ ಸೋಲಿಸಿತು. ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದರು. ನೋಡಲು ಬಂದಿದ್ದವರು 2,569 ಮಂದಿ. ಮರುದಿನ ಛೆಟ್ರಿ ಒಂದು ವಿಡಿಯೊ ಮಾಡಿ, ಬೈಯಬೇಕೆನಿಸಿದರೆ ಬೈಯಿರಿ, ಟೀಕಿಸಿ, ಆದರೆ ಮೈದಾನಕ್ಕೆ ಬಂದು ಅದನ್ನು ಮಾಡಿ ಎಂದು ಕೇಳಿಕೊಂಡರು. ಜೂನ್ 4ರ ಕೀನ್ಯಾ ಪಂದ್ಯದ ಟಿಕೆಟುಗಳು ಪೂರ್ತಿ ಖರ್ಚಾದವು. ಮುಂಬಯಿಯ ಮಳೆ ಸುರಿಯಿತು, ಮೈದಾನದಲ್ಲಿ ನೀರು ನಿಂತಿತು, ಜನ ಕದಲಲಿಲ್ಲ. ಅದು ಛೆಟ್ರಿಯವರ ನೂರನೇ ಅಂತಾರಾಷ್ಟ್ರೀಯ ಪಂದ್ಯ.

ಆ ನಾಲ್ಕು ದಿನಗಳ ಕಥೆಯನ್ನು ಮುಂಬಯಿಯ ಅಭಿಮಾನಿಗಳು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಹೇಳಲಿ. ಆದರೆ ಅದೇ ಊರಿನ ಇನ್ನೊಂದು ಕಥೆಯನ್ನೂ ಜೊತೆಗಿಟ್ಟು ನೋಡಬೇಕು. ಕರೆದಾಗ ಬಂದ ಈ ಜನರನ್ನು, ನಿಜವಾದ ತೀರ್ಮಾನಗಳ ದಿನ ಯಾರೂ ಕರೆದಿಲ್ಲ. ಮಹೀಂದ್ರ ಯುನೈಟೆಡ್ 2005–06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ತಂಡ; 2010ರಲ್ಲಿ ಕಂಪನಿ ಅದನ್ನು ಮುಚ್ಚಿತು. 2007ರಲ್ಲಿ ಹುಟ್ಟಿದ ಮುಂಬಯಿ ಎಫ್‌ಸಿಗೆ ಕೂಪರೇಜ್ ಮೈದಾನದಲ್ಲಿ ಹಳದಿ ಅಂಗಿಯ 'ಯೆಲ್ಲೊ ಬ್ರಿಗೇಡ್' ಇತ್ತು, ಹಾಡುಗಳಿದ್ದವು; 2017ರಲ್ಲಿ ತಂಡ ಐ-ಲೀಗಿನಿಂದ ಕೆಳಗಿಳಿದ ಮೇಲೆ ಮಾಲೀಕರು ತಂಡವನ್ನೇ ನಿಲ್ಲಿಸಿದರು. 2014ರಲ್ಲಿ ಬಂದ ಮುಂಬಯಿ ಸಿಟಿ ಎಫ್‌ಸಿಯ ಶೇಕಡಾ 65 ಪಾಲನ್ನು 2019ರ ನವೆಂಬರಿನಲ್ಲಿ ಸಿಟಿ ಫುಟ್‌ಬಾಲ್ ಗ್ರೂಪ್ ಕೊಂಡಿತು. ಆ ಮೇಲೆ ಎರಡು ಲೀಗ್ ಶೀಲ್ಡು, ಎರಡು ಕಪ್ಪು. 2025ರ ಜುಲೈನಲ್ಲಿ ಲೀಗಿನ ಸಂಘಟಕರು ಮುಂದಿನ ಋತುವನ್ನೇ ತಡೆಹಿಡಿದರು. ಡಿಸೆಂಬರಿನಲ್ಲಿ ಗ್ರೂಪು ತನ್ನ ಪಾಲು ಬಿಟ್ಟು ಹೊರಟಿತು. ಈ ಯಾವ ತೀರ್ಮಾನಕ್ಕೂ ಗ್ಯಾಲರಿಯ ಸಹಿ ಬೇಕಾಗಲಿಲ್ಲ. ಗ್ಯಾಲರಿಗೆ ಸುದ್ದಿ ತಲುಪಿದ್ದು ಎಲ್ಲರಿಗೂ ತಲುಪಿದಂತೆ, ಮೊಬೈಲಿನಲ್ಲಿ.

ಹಾಗಾಗಿ ಅಭಿಮಾನಿಗಳ ದೂರು ನ್ಯಾಯವಾದದ್ದು. ನಮ್ಮ ಗಂಟಲು ಬೇಕು, ನಮ್ಮ ಟಿಕೆಟಿನ ದುಡ್ಡು ಬೇಕು, ನಮ್ಮ ಮಾತು ಮಾತ್ರ ಬೇಡ ಎನ್ನುವ ಈ ದೂರಿಗೆ ಯಾವ ಮಾಲೀಕನ ಬಳಿಯೂ ನೆಟ್ಟಗಿನ ಉತ್ತರವಿಲ್ಲ. ಆದರೆ ದೂರುವವರ ಕೈಯಲ್ಲೇ ಒಂದು ಪುಟ್ಟ ಸಂಸ್ಥೆ ಇದೆ. ಅದರ ಮಾಲೀಕರು ಅವರೇ. ಅಭಿಮಾನಿಗಳ ಗುಂಪು, ಅದರ ಹುಂಡಿ, ಆ ಹುಂಡಿಯಿಂದ ಹೊರಬರುವ ಬಾವುಟ, ಡೋಲು, ಬಸ್ಸು, ಪರಿಹಾರ ನಿಧಿ. ಅಲ್ಲಿ ಯಾರು ತೀರ್ಮಾನಿಸುತ್ತಾರೆ? ಅಲ್ಲಿ ಯಾರ ಸಹಿ ಬೇಕು?

ಬಹಳ ಕಡೆ ಉತ್ತರ ಒಂದೇ: ಯಾರ ಫೋನಿಗೆ ಯುಪಿಐ ಜೋಡಿಸಿದೆಯೋ ಅವರದು.

ಇದು ಹೆಸರಿಟ್ಟು ಯಾವುದೋ ಒಂದು ಗುಂಪಿನ ಮೇಲೆ ಹೊರಿಸುವ ಆಪಾದನೆಯಲ್ಲ. ಅಂಧೇರಿಯ ಗ್ಯಾಲರಿಯಲ್ಲಿ ಕೂಗುವ ಗುಂಪಿಗೂ, ನಸುಕಿಗೆ ಎದ್ದು ಇಂಗ್ಲೆಂಡಿನದೋ ಸ್ಪೇನಿನದೋ ಪಂದ್ಯ ನೋಡುವ ವಿದೇಶಿ ಕ್ಲಬ್ಬುಗಳ ಮುಂಬಯಿ ಅಭಿಮಾನಿ ಕೂಟಕ್ಕೂ, ಬೆಂಗಳೂರು, ಕೊಚ್ಚಿ, ಕೋಲ್ಕತ್ತಗಳ ಗ್ಯಾಲರಿಗಳಿಗೂ ಈ ಪ್ರಶ್ನೆ ಒಂದೇ ಅಳತೆಯಲ್ಲಿ ಅನ್ವಯಿಸುತ್ತದೆ. ಕ್ರಮ ಎಲ್ಲರಿಗೂ ಗೊತ್ತಿರುವಂಥದು. ದೊಡ್ಡ ಪಂದ್ಯ ಬರುತ್ತದೆ. ಇಡೀ ಸ್ಟ್ಯಾಂಡನ್ನು ಮುಚ್ಚುವಂಥ ಚಿತ್ರದ ಬಟ್ಟೆ, ಅಭಿಮಾನಿಗಳ ಭಾಷೆಯಲ್ಲಿ ಟಿಫೊ, ಮಾಡಬೇಕು. ಬಟ್ಟೆ ಬೇಕು, ಬಣ್ಣ ಬೇಕು, ಅಷ್ಟುದ್ದ ಬಟ್ಟೆ ಹಾಸಲು ಜಾಗ ಬೇಕು. ಈ ಊರಿನಲ್ಲಿ ಬಟ್ಟೆಗಿಂತ ಜಾಗವೇ ದುಬಾರಿ. ವಾಟ್ಸಾಪ್ ಗುಂಪಿನಲ್ಲಿ ಒಂದು ಕ್ಯೂಆರ್ ಕೋಡ್ ಬೀಳುತ್ತದೆ. ಅದು ಯಾರೋ ಒಬ್ಬ ಹುಡುಗನ ಸಂಬಳ ಬೀಳುವ ಉಳಿತಾಯ ಖಾತೆ. ಇನ್ನೂರು, ಐನೂರು, ವಿದೇಶದಲ್ಲಿರುವ ಯಾರಿಂದಲೋ ಐದು ಸಾವಿರ. ಒಂದು ವಾರದಲ್ಲಿ ಬಟ್ಟೆ ಬರುತ್ತದೆ, ರಾತ್ರಿಯೆಲ್ಲ ಬಣ್ಣ ಬಳಿಯುತ್ತಾರೆ, ಪಂದ್ಯದ ದಿನ ಅದು ಹತ್ತು ನಿಮಿಷ ಮೇಲೆದ್ದು ಇಳಿಯುತ್ತದೆ, ಫೋಟೊಗಳು ಓಡಾಡುತ್ತವೆ. ಒಟ್ಟು ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಆಗ ಯಾರೂ ಕೇಳುವುದಿಲ್ಲ. ಕೇಳುವುದು ಅಪಶಕುನದಂತೆ.

ಅಪ್ಪಿತಪ್ಪಿ ಒಬ್ಬ ಕೇಳಿದನೆನ್ನಿ. ಬರುವ ಉತ್ತರಗಳೂ ಎಲ್ಲರಿಗೂ ಗೊತ್ತು. "ಬಿಡೋ ಮಾರಾಯ, ನಿನ್ನ ಇನ್ನೂರು ರೂಪಾಯಿಗೆ ಆಡಿಟ್ ಬೇಕಾ?" ಇದು ಮೊದಲನೆಯದು. "ಬಣ್ಣ ಬಳಿಯುವಾಗ ಎಲ್ಲಿದ್ದೆ?" ಇದು ಎರಡನೆಯದು. ಮೂರನೆಯದಕ್ಕೆ ಮಾತೇ ಬೇಕಿಲ್ಲ. ಮುಂದಿನ ಪಂದ್ಯದ ಹೊತ್ತಿಗೆ ಬೇರೊಂದು ಗುಂಪು ಹುಟ್ಟಿರುತ್ತದೆ, ಕೇಳಿದವನು ಅದರಲ್ಲಿ ಇರುವುದಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಸಾಲದ ವ್ಯವಹಾರಕ್ಕೆ ಹುಟ್ಟಿದ್ದು. ಚಂದಾಕ್ಕೂ ಅದು ಇಷ್ಟು ಚೆನ್ನಾಗಿ ಹೊಂದುತ್ತದೆ.

ಎರಡನೆಯ ಉತ್ತರವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ಯಾರು ಓಡಾಡುತ್ತಾರೋ ಅವರ ಮಾತು ನಡೆಯಲಿ ಎಂಬುದರಲ್ಲಿ ಒಂದು ನ್ಯಾಯ ಇದೆ. ಕಲ್ಯಾಣದಿಂದಲೋ ವಿರಾರಿನಿಂದಲೋ ರೈಲಿನಲ್ಲಿ ನೇತಾಡಿಕೊಂಡು ಬಂದು, ಕೆಲಸಕ್ಕೆ ರಜೆ ಹಾಕಿ, ಬಣ್ಣದ ಡಬ್ಬಿ ಹೊತ್ತು, ಪೊಲೀಸರ ಅನುಮತಿಗೆ ಅಲೆದು ಬಂದವನಿಗೆ, ಮಂಚದ ಮೇಲೆ ಮಲಗಿ ಐನೂರು ರೂಪಾಯಿ ಒತ್ತಿದವನು ಬಂದು ಲೆಕ್ಕ ಕೇಳಿದರೆ ಉರಿಯುವುದು ಸಹಜ. ದುಡಿಮೆಯೂ ಕಾಣಿಕೆಯೇ, ಬಹಳ ಸಲ ದುಡ್ಡಿಗಿಂತ ದೊಡ್ಡ ಕಾಣಿಕೆ. ಆದರೆ ಈ ನ್ಯಾಯ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ನೋಡಬೇಕು. ದುಡಿದವನಿಗೆ ಹೆಚ್ಚಿನ ಗೌರವ ಸಲ್ಲಬೇಕು ಎಂಬಲ್ಲಿಯವರೆಗೆ ಸರಿ. ದುಡಿದವನು ಲೆಕ್ಕ ಕೊಡಬೇಕಾಗಿಲ್ಲ ಎಂಬಲ್ಲಿಗೆ ಬಂದರೆ, ಅದು ಮಾಲೀಕರು ಹೇಳುವ ಮಾತೇ ಆಗುತ್ತದೆ. ಬಂಡವಾಳ ಹಾಕಿದವರು ನಾವು, ನಷ್ಟ ಹೊತ್ತವರು ನಾವು, ಮುಚ್ಚುವುದೋ ಬಿಡುವುದೋ ನಮ್ಮಿಷ್ಟ. ಅವರ ಬಾಯಲ್ಲಿ ಅಹಂಕಾರವೆನಿಸಿದ ಮಾತು ಅಡ್ಮಿನ್ ಬಾಯಲ್ಲಿ ತ್ಯಾಗವೆನಿಸಬೇಕೆ?

ಇನ್ನು ಆಡಿಟ್ಟಿನ ಮಾತು. ಮುಂಬಯಿಯಲ್ಲಿ ಕುಳಿತು, ಸಣ್ಣ ಚಂದಾಕ್ಕೆ ಲೆಕ್ಕ ಯಾಕೆ ಎಂದು ಕೇಳುವುದಕ್ಕೆ ಧೈರ್ಯ ಬೇಕು. ಈ ಊರು ನಿಂತಿರುವುದೇ ಸಣ್ಣ ಚಂದಾದ ಮೇಲೆ. ಓಣಿ ಓಣಿಯ ಸಾರ್ವಜನಿಕ ಗಣೇಶೋತ್ಸವ ಮಂಡಳಿ ವರ್ಗಣಿ ಎತ್ತುವಾಗ ರಶೀದಿ ಪುಸ್ತಕ ಹಿಡಿದೇ ಬಾಗಿಲು ತಟ್ಟುತ್ತದೆ. ಕೊಟ್ಟದ್ದು ಐವತ್ತೊಂದು ರೂಪಾಯಿಯಾದರೂ ಹರಿದ ಚೀಟಿ ಕೈಗೆ ಬರುತ್ತದೆ. ನೋಂದಣಿಯಾಗದ ತಾತ್ಕಾಲಿಕ ಮಂಡಳಿಗಳು ಚಂದಾ ಎತ್ತುವ ಮುನ್ನ ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯ್ದೆ, 1950ರ ಕಲಂ 41ಸಿ ಪ್ರಕಾರ ಧರ್ಮಾದಾಯ ಆಯುಕ್ತರ ಕಚೇರಿಯ ಅನುಮತಿ ಪಡೆಯಬೇಕು, ಹಬ್ಬ ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕು. 1934ರಿಂದ ನಡೆದುಬಂದ ಲಾಲ್‌ಬಾಗ್ ಮಂಡಳಿ ಹುಂಡಿ ಎಣಿಸುವುದು ಕ್ಯಾಮೆರಾಗಳ ಎದುರು. ಮಂಡಳಿಗಳವರೆಲ್ಲ ಸತ್ಯಹರಿಶ್ಚಂದ್ರನ ಸಂತತಿ ಎಂದು ಇದರರ್ಥವಲ್ಲ. ರಶೀದಿ ಹರಿಯುವವನು ಕಳ್ಳನಿರಬಹುದು ಎಂಬ ಸಂಶಯದಿಂದ ರಶೀದಿ ಹುಟ್ಟಿದ್ದೂ ಅಲ್ಲ. ರಶೀದಿ ಇದ್ದರೆ ಆ ಸಂಶಯದ ಮಾತೇ ಏಳುವುದಿಲ್ಲ. ಪ್ರಾಮಾಣಿಕನನ್ನು ಕಾಯುವುದೂ ಅದೇ. ಲೆಕ್ಕವಿಲ್ಲದ ಗುಂಪಿನಲ್ಲಿ ಒಂದು ದಿನ ಜಗಳವೆದ್ದರೆ, ತನ್ನ ಕೈಯಿಂದಲೇ ದುಡ್ಡು ಹಾಕಿ ಬಟ್ಟೆ ತಂದವನು ಕೂಡ ತಾನು ಕಳ್ಳನಲ್ಲ ಎಂದು ಸಾಧಿಸಲಾರ.

ಮುಂಬಯಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮಾಟುಂಗದ ಮೈಸೂರು ಅಸೋಸಿಯೇಶನ್ 1926ರದು, ಕರ್ನಾಟಕ ಸಂಘ 1933ರದು. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳು ನಡೆದದ್ದು ಚಂದಾದಿಂದ. ಸಂಘದ ವಾರ್ಷಿಕ ಮಹಾಸಭೆ ಎಂದರೆ ನಗುವವರಿದ್ದಾರೆ: ನೋಟಿಸು, ಕೋರಂ ಇಲ್ಲವೆಂದು ಅರ್ಧ ಗಂಟೆ ಮುಂದೂಡಿಕೆ, ಕೋಶಾಧಿಕಾರಿ ಆಯವ್ಯಯ ಓದುವಾಗ ಹಿಂದಿನ ಸಾಲಿನಲ್ಲಿ ತೂಕಡಿಕೆ, ಪ್ರತಿ ವರ್ಷವೂ ಎದ್ದು ನಿಂತು ಕಳೆದ ಸಲದ ಚಹದ ಖರ್ಚಿನ ಬಗ್ಗೆ ಕೇಳುವ ಅದೇ ಒಬ್ಬ ಹಿರಿಯರು. ಆ ಹಿರಿಯರನ್ನು ಎಲ್ಲರೂ ಕಾಟವೆಂದೇ ಎಣಿಸುತ್ತಾರೆ. ಆದರೆ ಅವರು ಎದ್ದು ನಿಲ್ಲುತ್ತಾರೆಂದು ಗೊತ್ತಿರುವುದರಿಂದಲೇ ಕೋಶಾಧಿಕಾರಿ ಹಿಂದಿನ ರಾತ್ರಿ ವೋಚರುಗಳನ್ನು ಒಂದು ಸಲ ಜೋಡಿಸಿ ನೋಡುತ್ತಾನೆ. ನೂರು ವರ್ಷ ಬಾಳಿದ ಸಂಘಗಳ ಗುಟ್ಟು ಅವುಗಳ ವೇದಿಕೆಯಲ್ಲಿ ಎಷ್ಟಿದೆಯೋ ಆ ಹಿಂದಿನ ಸಾಲಿನಲ್ಲೂ ಅಷ್ಟೇ ಇದೆ. ಫುಟ್‌ಬಾಲ್ ಗ್ಯಾಲರಿಯಲ್ಲಿ ಅಂಥ ಹಿರಿಯರಿಗೆ ಜಾಗವಿಲ್ಲ. ಇದ್ದರೆ ಅವರನ್ನು ಗುಂಪಿನಿಂದ ರಿಮೂವ್ ಮಾಡಿರುತ್ತಾರೆ.

ಕೆಲವು ಗುಂಪುಗಳು ಇಷ್ಟರಮಟ್ಟಿಗೆ ಎಚ್ಚೆತ್ತಿವೆ ಎಂದೇ ಇಟ್ಟುಕೊಳ್ಳೋಣ. ಪಂದ್ಯ ಮುಗಿದ ಮೇಲೆ ಒಂದು ಎಕ್ಸೆಲ್ ಹಾಳೆ, ಬಿಲ್ಲುಗಳ ಫೋಟೊ. ಒಳ್ಳೆಯದು. ಆದರೆ ಇಲ್ಲಿಗೇ ಪ್ರಜಾಪ್ರಭುತ್ವ ಬಂತು ಎಂದುಕೊಂಡರೆ ಮೋಸ ಹೋದಂತೆ. ಲೆಕ್ಕ ಕೊಡುವುದು ಬೇರೆ, ತೀರ್ಮಾನದಲ್ಲಿ ಪಾಲು ಕೊಡುವುದು ಬೇರೆ. ಖರ್ಚಾದ ಮೇಲೆ ಬರುವ ಹಾಳೆಯಲ್ಲಿ ಕೂಡಿಸುವುದು ಕಳೆಯುವುದು ಸರಿಯಿದೆಯೇ ಎಂದು ನೋಡಬಹುದು, ಅಷ್ಟೇ. ಈ ಖರ್ಚು ಬೇಕಿತ್ತೇ ಎಂದು ಕೇಳುವ ಕಾಲ ಆಗಲೇ ದಾಟಿರುತ್ತದೆ. ಬೇರೆ ಊರಿನ ಪಂದ್ಯಕ್ಕೆ ಬಸ್ಸು ಮಾಡುವುದೋ, ಆ ದುಡ್ಡಿನಲ್ಲಿ ಇಲ್ಲಿನ ಮುನಿಸಿಪಲ್ ಶಾಲೆಯ ಐವತ್ತು ಮಕ್ಕಳಿಗೆ ಟಿಕೆಟ್ ಕೊಡಿಸುವುದೋ? ಬಾವುಟದ ಮೇಲೆ ಆಟಗಾರನ ಮುಖವೋ, ಮಾಲೀಕರಿಗೆ ಚುಚ್ಚುವ ಒಂದು ಸಾಲೋ? ಕೊನೆಯ ಪ್ರಶ್ನೆಗೆ ಕ್ಲಬ್ಬಿನ ಜೊತೆಗಿನ ಸಂಬಂಧವೇ ಪಣ. ಅದನ್ನು ನಾಲ್ಕು ಜನ ಒಂದು ಬಾರಿನ ಮೇಜಿನ ಸುತ್ತ ಕುಳಿತು ತೀರ್ಮಾನಿಸಿ, ನಾಲ್ಕುನೂರು ಜನರಿಂದ ದುಡ್ಡು ಎತ್ತಿದರೆ, ಆ ನಾಲ್ಕುನೂರು ಜನ ಸದಸ್ಯರೋ ಗಿರಾಕಿಗಳೋ?

ಬಾರಿನ ಮೇಜು ಎಂದದ್ದು ಸುಮ್ಮನೆ ಅಲ್ಲ. ಪಂದ್ಯ ರಾತ್ರಿ ಒಂಬತ್ತೂವರೆಗೆ ಮುಗಿಯುತ್ತದೆ ಎನ್ನಿ. ಆಜಾದ್ ನಗರದ ಮೆಟ್ರೊ ನಿಲ್ದಾಣದ ಕಡೆ ಜನ ಓಡುತ್ತಾರೆ. ಘಾಟ್ಕೋಪರಿನಲ್ಲಿ ಇಳಿದು ಕಲ್ಯಾಣದ ಕಡೆಯ ರೈಲು ಹಿಡಿಯಬೇಕಾದವರು, ಅಂಧೇರಿಯಲ್ಲಿ ಇಳಿದು ವಿರಾರ್ ಗಾಡಿ ಹತ್ತಬೇಕಾದವರು, ಮನೆಗೆ ಹನ್ನೊಂದರೊಳಗೆ ಬರುತ್ತೇನೆಂದು ಹೇಳಿ ಬಂದ ಹುಡುಗಿಯರು, ಬೆಳಗ್ಗೆ ಆರಕ್ಕೆ ಪಾಳಿ ಇರುವವರು. ಉಳಿಯುವವರು ಹತ್ತಿರದಲ್ಲೇ ಮನೆಯಿದ್ದು ಜೇಬಿನಲ್ಲಿ ಬಿಲ್ಲಿಗೆ ದುಡ್ಡಿರುವ ಹುಡುಗರು. ಗುಂಪಿನ ನಿಜವಾದ ಸಭೆ ಅಲ್ಲಿ ನಡೆಯುತ್ತದೆ. ಯಾರನ್ನೂ ಹೊರಗಿಟ್ಟ ಹಾಗೆ ಕಾಣುವುದಿಲ್ಲ; ರೈಲಿನ ವೇಳಾಪಟ್ಟಿಯೇ ಆ ಕೆಲಸ ಮಾಡಿಕೊಡುತ್ತದೆ. ಮರುದಿನ ವಾಟ್ಸಾಪಿನಲ್ಲಿ "ಎಲ್ಲರೂ ಸೇರಿ ನಿರ್ಧರಿಸಿದಂತೆ" ಎಂದು ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಉಳಿದ ಹಣದ್ದು. ಬಸ್ಸಿಗೆಂದು ಎತ್ತಿದ್ದು, ಬಸ್ಸು ರದ್ದಾಯಿತು. ಗಾಯಗೊಂಡ ಆಟಗಾರನ ಚಿಕಿತ್ಸೆಗೆ ಎತ್ತಿದ್ದು, ಕ್ಲಬ್ಬೇ ಖರ್ಚು ಹಾಕಿಕೊಂಡಿತು. ನೆರೆ ಪರಿಹಾರಕ್ಕೆ ಎತ್ತಿದ್ದು, ಕಿಟ್ ಹಂಚಿದ ಮೇಲೂ ಮಿಕ್ಕಿತು. ಈಗ ಆ ಹಣ ಯಾರದು? ಕೊಟ್ಟವರು ಒಂದು ಹೆಸರು ಹೇಳಿ ಕೊಟ್ಟಿದ್ದಾರೆ. ಆ ಹೆಸರು ಅಳಿಸಿ ಬೇರೆ ಹೆಸರು ಬರೆಯುವ ಹಕ್ಕು ಅವರಿಗಲ್ಲದೆ ಇನ್ಯಾರಿಗೂ ಇಲ್ಲ. "ಮುಂದಿನ ಟಿಫೊಗೆ ಇಟ್ಟುಕೊಂಡಿದ್ದೇವೆ, ನಮ್ಮ ಜೇಬಿಗೇನೂ ಹಾಕಿಕೊಂಡಿಲ್ಲವಲ್ಲ" ಎನ್ನುವವರು ನಿಜವನ್ನೇ ಹೇಳುತ್ತಿರಬಹುದು. ಆದರೂ ನೆರೆಯಲ್ಲಿ ಮನೆ ಕಳೆದುಕೊಂಡವರ ಹೆಸರಿನ ಹಣದಲ್ಲಿ ಬಣ್ಣ ಕೊಂಡರೆ ಅದು ತಪ್ಪು. ಜೇಬು ಮುಟ್ಟದಿರುವುದು ಪ್ರಾಮಾಣಿಕತೆಯ ಮೊದಲ ಮೆಟ್ಟಿಲು, ಅಷ್ಟೇ. ಬಾವುಟಕ್ಕೆ ಎತ್ತಿದ ದುಡ್ಡನ್ನು ಕಾನೂನು ಧರ್ಮಕಾರ್ಯ ಎನ್ನದಿರಬಹುದು. ನೆರೆಗೆಂದು, ಚಿಕಿತ್ಸೆಗೆಂದು ಬೀದಿಗಿಳಿದು ಎತ್ತಿದ್ದಕ್ಕೆ ಆ 41ಸಿ ಕಲಮಿನ ನೆನಪಿರಬೇಕು.

ಇದೇ ಹೊತ್ತಿನಲ್ಲಿ ಇನ್ನೊಂದು ದಾನದ ಮಾತು. ಕ್ಲಬ್ಬುಗಳು ಅಭಿಮಾನಿ ಗುಂಪುಗಳಿಗೆ ಕೊಡುವುದು: ಉಚಿತ ಟಿಕೆಟು, ಬಸ್ಸಿನ ಬಾಡಿಗೆ, ಡೋಲು ಒಳಗೆ ತರುವ ಅನುಮತಿ, ಆಟಗಾರರ ಜೊತೆ ಒಂದು ಸಂಜೆ. ಇವುಗಳನ್ನು ಯಾರೂ ಲೆಕ್ಕದ ಹಾಳೆಯಲ್ಲಿ ಬರೆಯುವುದಿಲ್ಲ. ಬರೆಯಲೇಬೇಕಾದದ್ದು ಇವೇ. ಯಾಕೆಂದರೆ ಇನ್ನೂರು ರೂಪಾಯಿ ಕೊಟ್ಟ ಸದಸ್ಯ ಬದಲಿಗೆ ಏನನ್ನೂ ಕೇಳುವುದಿಲ್ಲ. ಇಪ್ಪತ್ತು ಟಿಕೆಟು ಕೊಟ್ಟ ಕ್ಲಬ್ಬು ಬಾಯಿಬಿಟ್ಟು ಕೇಳದೆಯೇ ಒಂದನ್ನು ಪಡೆಯುತ್ತದೆ. ಟಿಕೆಟ್ ದರ ಏರಿದಾಗ, ಸ್ಟ್ಯಾಂಡು ಬದಲಿಸಿದಾಗ, ಪಂದ್ಯವನ್ನು ಬೇರೆ ಊರಿಗೆ ಒಯ್ದಾಗ, ಆ ಇಪ್ಪತ್ತು ಟಿಕೆಟುಗಳು ಯಾರ ಕೈ ಸೇರಿದವೋ ಅವರ ಕೂಗು ಒಂದು ಪಟ್ಟಿ ಕೆಳಗೆ ಇಳಿದಿರುತ್ತದೆ. ಲಂಚ ಎಂಬ ಮಾತು ಇದಕ್ಕೆ ದೊಡ್ಡದಾಯಿತು. ದಾಕ್ಷಿಣ್ಯ ಎನ್ನಬಹುದು. ಗುಂಪನ್ನು ಸುಮ್ಮನಾಗಿಸಲು ದಾಕ್ಷಿಣ್ಯವೇ ಸಾಕು.

ಹಣ ಮತ್ತು ಹಕ್ಕು ಒಟ್ಟಿಗೆ ಹೋಗಬೇಕೆಂದು ಗ್ಯಾಲರಿಗಳಿಗೆ ತೋರಿಸಿಕೊಟ್ಟ ಊರು ಇಂಗ್ಲೆಂಡಿನ ನಾರ್ಥಾಂಪ್ಟನ್. 1992ರಲ್ಲಿ ಅಲ್ಲಿನ ಕ್ಲಬ್ಬು ಸಾಲದಲ್ಲಿ ಮುಳುಗಿತ್ತು. ಊರಿನವರು ಸಭೆ ಸೇರಿದರು. ಅವರು ಮಾಡಿದ ಜಾಣತನ ಇಷ್ಟೇ: ಕ್ಲಬ್ಬನ್ನು ಉಳಿಸಲು ದುಡ್ಡು ಎತ್ತಿದರು, ಆದರೆ ಕ್ಲಬ್ಬು ನಡೆಸುತ್ತಿದ್ದವರ ಕೈಗೆ ಕೊಡಲಿಲ್ಲ. ಬ್ರಯನ್ ಲೋಮ್ಯಾಕ್ಸ್ ಮತ್ತಿತರರು ಕಟ್ಟಿದ ಟ್ರಸ್ಟಿನಲ್ಲಿ ಇಟ್ಟರು. ಕೊನೆಗೆ ಟ್ರಸ್ಟಿನ ಸದಸ್ಯರು ಆರಿಸಿದ ಪ್ರತಿನಿಧಿ ಕ್ಲಬ್ಬಿನ ಆಡಳಿತ ಮಂಡಳಿಯಲ್ಲೇ ಕುಳಿತರು. ಇಂಗ್ಲೆಂಡಿನಲ್ಲಿ ಆಮೇಲೆ ಹುಟ್ಟಿದ ಅಭಿಮಾನಿಗಳ ಟ್ರಸ್ಟುಗಳಿಗೆಲ್ಲ ಇದೇ ತವರು. ಪೋರ್ಟ್ಸ್‌ಮತ್‌ನಲ್ಲಿ 2013ರಲ್ಲಿ ಅಭಿಮಾನಿಗಳ ಟ್ರಸ್ಟು ಕ್ಲಬ್ಬನ್ನೇ ಕೊಂಡಿತು. 2017ರಲ್ಲಿ ಅಮೆರಿಕದ ಮೈಕೆಲ್ ಐಸ್ನರ್ ಕೊಳ್ಳಲು ಬಂದಾಗ, ಮಾರುವುದೋ ಬೇಡವೋ ಎಂದು ಪಾಲುದಾರ ಅಭಿಮಾನಿಗಳು ಮತ ಹಾಕಿದರು. ಶೇಕಡಾ 80ಕ್ಕೂ ಹೆಚ್ಚು ಮಂದಿ ಮಾರೋಣವೆಂದರು. ಆ ತೀರ್ಮಾನ ಸರಿಯೋ ತಪ್ಪೋ ಎಂಬ ವಾದ ಬೇರೆ. ಕೈಬಿಟ್ಟವರು ಅವರೇ, ಕೈಎತ್ತಿ ಕೈಬಿಟ್ಟರು. ಮುಂಬಯಿಯ ಹಳದಿ ಅಂಗಿಯವರಿಗೆ 2017ರಲ್ಲಿ ಆ ಭಾಗ್ಯ ಇರಲಿಲ್ಲ.

ಮತ ಇದ್ದರೆ ಸಾಕು ಎಂದೂ ಅಲ್ಲ. 2005ರಲ್ಲಿ ಗ್ಲೇಜರ್ ಕುಟುಂಬ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡಾಗ ಸಿಡಿದು ಹೊರಬಂದ ಅಭಿಮಾನಿಗಳು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಕಟ್ಟಿದರು. ಒಬ್ಬ ಸದಸ್ಯನಿಗೆ ಒಂದು ಮತ. ದುಡ್ಡು ಎಷ್ಟೇ ಹಾಕಿರಲಿ. ಹತ್ತು ವರ್ಷಕ್ಕೆ, 2015ರಲ್ಲಿ, ಸ್ವಂತ ಮೈದಾನವನ್ನೇ ಕಟ್ಟಿ ಬೆನ್‌ಫಿಕಾ ತಂಡವನ್ನು ಕರೆಸಿ ಆಡಿಸಿದರು. ಇಂಥ ಕ್ಲಬ್ಬಿನಲ್ಲೂ ಮರುವರ್ಷದೊಳಗೆ ಒಳಜಗಳ ಎದ್ದಿತು. ಮಾಹಿತಿ ಮುಚ್ಚಿಡುತ್ತಾರೆ, ಪ್ರಶ್ನೆ ಕೇಳಿದವರನ್ನು ಶತ್ರುವಿನಂತೆ ಕಾಣುತ್ತಾರೆ ಎಂಬ ದೂರು. ಮೊದಲ ದಿನದಿಂದ ಕ್ಲಬ್ಬಿಗಾಗಿ ದುಡಿದ ಜನರಲ್ ಮ್ಯಾನೇಜರ್ ಆ್ಯಂಡಿ ವಾಲ್ಶ್ 2016ರಲ್ಲಿ ಹೊರಟರು, ಆಡಳಿತ ಮಂಡಳಿಯ ಮುಖಗಳು ಬದಲಾದವು. ಕದ್ದವರ ಕಥೆಯಲ್ಲ ಇದು. ಮೈಮುರಿದು ದುಡಿದವರು ದುಡಿಮೆಯ ಅಮಲಿನಲ್ಲಿ ಸದಸ್ಯರನ್ನು ಮರೆತರು ಎಂಬುದೇ ಅಲ್ಲಿ ಕೇಳಿಬಂದ ದೂರಿನ ತಿರುಳು. ಆದರೂ ಆ ಜಗಳ ನಡೆಯಲು ಒಂದು ಜಾಗ ಇತ್ತು. ಸಭೆ ಕರೆಯುವ ನಿಯಮ, ಚುನಾವಣೆ. ನಿಯಮ ಇಲ್ಲದ ಗುಂಪಿನಲ್ಲಿ ಇದೇ ಜಗಳ ಎದ್ದಿದ್ದರೆ ಗುಂಪು ಎರಡು ಹೋಳು, ಹುಂಡಿ ಯಾರ ಖಾತೆಯಲ್ಲಿತ್ತೋ ಅವರ ಪಾಲು.

ಮತದ ಇನ್ನೊಂದು ಸಾವು ನಿದ್ದೆಯಲ್ಲಿ ಆಗುತ್ತದೆ. 2008ರಲ್ಲಿ ಇಂಟರ್ನೆಟ್ಟಿನಲ್ಲಿ ತಲಾ 35 ಪೌಂಡ್ ಕೊಟ್ಟು ಸೇರಿದ ಸುಮಾರು ಮೂವತ್ತು ಸಾವಿರ ಮಂದಿ ಎಬ್ಸ್‌ಫ್ಲೀಟ್ ಯುನೈಟೆಡ್ ಎಂಬ ಸಣ್ಣ ಕ್ಲಬ್ಬನ್ನು ಕೊಂಡರು. ಎಲ್ಲದಕ್ಕೂ ಮತ! ಹೊಸತನ ಹಳತಾಗುತ್ತಿದ್ದಂತೆ ಚಂದಾ ನವೀಕರಿಸುವವರು ಕರಗುತ್ತ ಹೋದರು. 2013ರ ಹೊತ್ತಿಗೆ ಉಳಿದ ಸದಸ್ಯರು ಕ್ಲಬ್ಬನ್ನು ಕೈಬಿಟ್ಟರು. ಇದಕ್ಕಾಗಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಭಾಂಡುಪಿನಲ್ಲಿ ಪ್ರಧಾನ ಕಚೇರಿಯಿದ್ದ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕು ಸಹಕಾರಿ ಬ್ಯಾಂಕು. ಸದಸ್ಯನಿಗೆ ಒಂದು ಮತ, ವಾರ್ಷಿಕ ಸಭೆ, ಲೆಕ್ಕಪರಿಶೋಧನೆ, ಎಲ್ಲವೂ ಕಾಗದದ ಮೇಲೆ ಚೊಕ್ಕ. 2019ರ ಸೆಪ್ಟೆಂಬರ್ 23ರಂದು ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಠೇವಣಿದಾರರಿಗೆ ಮೊದಲು ತೆಗೆಯಲು ಸಿಕ್ಕಿದ್ದು ಒಂದು ಸಾವಿರ ರೂಪಾಯಿ. ಒಂದೇ ಬಿಲ್ಡರ್ ಬಳಗಕ್ಕೆ ಹೋದ ಸಾಲವನ್ನು ಇಪ್ಪತ್ತೊಂದು ಸಾವಿರ ಸುಳ್ಳು ಖಾತೆಗಳ ಹಿಂದೆ ಅಡಗಿಸಲಾಗಿತ್ತು. ಮುಂಬಯಿಯ ಬೀದಿಗಳಲ್ಲಿ ಫಲಕ ಹಿಡಿದು ಅತ್ತ ಮುದುಕರ ಮುಖ ಈ ಊರು ಮರೆತಿಲ್ಲ. ಬ್ಯಾಂಕಿಗೂ ಬಾವುಟದ ನಿಧಿಗೂ ಎಲ್ಲಿಯ ಹೋಲಿಕೆ ಎನ್ನಬಹುದು. ಮೊತ್ತದಲ್ಲಿ ಹೋಲಿಕೆಯಿಲ್ಲ, ನಿಜ. "ನಮ್ಮವರೇ ನಡೆಸುತ್ತಾರೆ, ಅವರಿಗೆ ಗೊತ್ತಿರುತ್ತದೆ" ಎಂದು ಸಭೆಗೆ ಹೋಗದೆ ಉಳಿಯುವ ಮನಸ್ಸು ಎರಡೂ ಕಡೆ ಒಂದೇ.

ನೋಂದಣಿ, ವಕೀಲ, ಆಡಿಟರ್, ಇವೆಲ್ಲ ಹುಡುಗರ ಗುಂಪಿಗೆ ಎಲ್ಲಿ ಸಾಧ್ಯ ಎಂಬುದು ಕೊನೆಯ ನೆಪ. ಸೊಸೈಟಿಯಾಗಿಯೋ ನ್ಯಾಸವಾಗಿಯೋ ನೋಂದಾಯಿಸುವುದು ಅಲೆದಾಟದ ಕೆಲಸ, ಸುಳ್ಳಲ್ಲ. ಆದರೆ ನೋಂದಣಿ ಇಲ್ಲದ ಸಂಘಕ್ಕೂ ಬ್ಯಾಂಕಿನಲ್ಲಿ ಖಾತೆ ತೆರೆಯಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ದಾರಿಯಿದೆ: ಆಡಳಿತ ಸಮಿತಿಯ ಠರಾವು, ಪ್ಯಾನ್, ವ್ಯವಹರಿಸುವವರಿಗೆ ಅಧಿಕಾರಪತ್ರ. ಇಬ್ಬರ ಸಹಿಯಿಲ್ಲದೆ ದುಡ್ಡು ಹೊರಬರದಂತೆ ಮಾಡುವುದಕ್ಕೆ ವಕೀಲ ಬೇಕಿಲ್ಲ. ಆ ಠರಾವಿಗೆ ಮೊದಲು ಒಂದು ಸಮಿತಿ ಬೇಕು, ಸಮಿತಿಗೆ ಮೊದಲು ಒಂದು ಸಭೆ ಬೇಕು. ಕಷ್ಟವಿರುವುದು ಅಲ್ಲೇ. ಸಭೆ ಕರೆದರೆ ಸದಸ್ಯ ಯಾರು ಎಂದು ಬರೆಯಬೇಕಾಗುತ್ತದೆ. ಬರೆದರೆ ಅವನಿಗೊಂದು ಮತ ಕೊಡಬೇಕಾಗುತ್ತದೆ. ಕೊಟ್ಟರೆ ಅಡ್ಮಿನ್ ಒಂದು ದಿನ ಸೋಲಬಹುದು. ಐದು ವರ್ಷ ಗಂಟಲು ಹರಿದುಕೊಂಡವನಿಗೆ ಆ ಸೋಲು ನೋಯುತ್ತದೆ, ನಿಜ. ನೋವು ಬೇಡವೆಂದರೆ ತಂಡವನ್ನು ಬೆಂಬಲಿಸುವುದನ್ನೇ ಬಿಡಬೇಕಾಗುತ್ತದೆ. ಸೋಲನ್ನು ನುಂಗಿ ಮುಂದಿನ ವಾರ ಮತ್ತೆ ಬರುವುದನ್ನು ಗ್ಯಾಲರಿಯವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಸಭೆ ಭಾನುವಾರ ಬೆಳಗ್ಗೆ ಇರಲಿ, ದಾದರಿನಲ್ಲಿ ಇರಲಿ. ಮಧ್ಯ ರೈಲ್ವೆಯವರಿಗೂ ಪಶ್ಚಿಮ ರೈಲ್ವೆಯವರಿಗೂ ಅದೊಂದೇ ಸಮದೂರದ ಊರು. ಚಂದಾ ಎತ್ತುವ ಮೊದಲೇ ಮೂರು ಸಾಲು ಬರೆದು ಹಾಕಲಿ: ಯಾತಕ್ಕೆ, ಎಷ್ಟು, ಮಿಕ್ಕರೆ ಏನು. ಕ್ಲಬ್ಬು ಕೊಟ್ಟ ಟಿಕೆಟುಗಳು ಯಾರಿಗೆ ಹೋದವು ಎಂಬ ಪಟ್ಟಿಯೂ ಅದೇ ಗೋಡೆಯ ಮೇಲೆ ಬೀಳಲಿ. ಕೋಶಾಧಿಕಾರಿ ಎರಡು ಋತುವಿಗೊಮ್ಮೆ ಬದಲಾಗಲಿ, ಅವನು ದೇವರಂಥವನಾದರೂ. ದೇವರಂಥವನಾದರೆ ಅವನಿಗೂ ವಿಶ್ರಾಂತಿ ಬೇಕಲ್ಲ.

1937ರಲ್ಲಿ ಇದೇ ಮುಂಬಯಿಯಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. 1891ರಲ್ಲಿ ಶುರುವಾದ, ಅಲ್ಲಿಯವರೆಗೆ ಬಿಳಿಯರ ಪಲ್ಟನ್ನುಗಳ ಪಾಲಾಗುತ್ತಿದ್ದ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಆಮೇಲೆ ಈ ಊರಿನ ಫುಟ್‌ಬಾಲನ್ನು ರೈಲ್ವೆ ನಡೆಸಿತು, ಗಿರಣಿಗಳು ನಡೆಸಿದವು, ಬ್ಯಾಂಕುಗಳು, ಟಾಟಾ, ಮಹೀಂದ್ರ ನಡೆಸಿದವು. ಈಗ ಹೂಡಿಕೆದಾರರು ನಡೆಸುತ್ತಾರೆ. ನಡೆಸುವವರು ಬಂದರು, ಸಾಕೆನಿಸಿದಾಗ ಹೋದರು. ಉಳಿದದ್ದು ನೋಡುವವರು. ಸಿಟಿ ಫುಟ್‌ಬಾಲ್ ಗ್ರೂಪು ಹೊರಟ ಮೇಲೆ ಮುಂದಿನ ಪ್ರಶ್ನೆ ಎಂದಾದರೊಂದು ದಿನ ಗ್ಯಾಲರಿಯ ಬಾಗಿಲಿಗೇ ಬರಬಹುದು: ಈ ಕ್ಲಬ್ಬಿನಲ್ಲಿ ಒಂದು ಸಣ್ಣ ಪಾಲು, ಒಂದು ಕುರ್ಚಿ ನಿಮಗೂ ಬೇಕೆ? ಆ ದಿನ ಎದುರು ಕುಳಿತ ಮಾಲೀಕರ ಲೆಕ್ಕಿಗ ಕೇಳುವ ಮೊದಲ ಮಾತು ಏನಿರುತ್ತದೆ ಎಂದು ಈಗಲೇ ಊಹಿಸಬಹುದು. ನೀವು ಎಷ್ಟು ಜನ, ನಿಮ್ಮನ್ನು ಆರಿಸಿದವರು ಯಾರು, ನಿಮ್ಮ ಕಳೆದ ವರ್ಷದ ಆಯವ್ಯಯ ಪತ್ರ ಎಲ್ಲಿದೆ?